ಓದುಗರ ಪ್ರಶ್ನೆ, ನಮ್ಮ ಉತ್ತರ: ಗ್ರೀಕರು ಕಂಡ ಸದ್ಗುಣ, ಆತ್ಮ ಮತ್ತು ರಾಜ್ಯ

ಪ್ರಾಚೀನ ಗ್ರೀಸಿನ ಚಿಂತಕರು ಸದ್ಗುಣ, ಆತ್ಮ ಮತ್ತು ರಾಜ್ಯಾಡಳಿತವನ್ನು ಕುರಿತು ನಡೆಸಿದ ವಿಚಾರಗಳನ್ನು ಪರಿಚಯಿಸುವ ಲೇಖನವೊಂದು ಕಳೆದ ಸಂಚಿಕೆಯಲ್ಲಿ ಪ್ರಕಟವಾಗಿತ್ತು. ಅದನ್ನು ಓದಿ ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿ ಭಾಗದ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ. ಮನುಷ್ಯನು ತನ್ನನ್ನು ತಾನು ಹೇಗೆ ಆಳಿಕೊಳ್ಳಬೇಕು ಎಂಬ ಪ್ರಶ್ನೆಯನ್ನೂ ಊರನ್ನು ಹೇಗೆ ಆಳಬೇಕು ಎಂಬ ಪ್ರಶ್ನೆಯನ್ನೂ ಗ್ರೀಕರು ಒಂದೇ ಪ್ರಶ್ನೆಯ ಎರಡು ಮಗ್ಗುಲುಗಳೆಂದು ಕಂಡವರಾದ್ದರಿಂದ, ಒಂದು ಪತ್ರದ ಉತ್ತರವು ಮುಂದಿನ ಪತ್ರಕ್ಕೂ ಅಲ್ಲಲ್ಲಿ ತಾಗುತ್ತದೆ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ವಾರಕ್ಕೊಂದು ಮೌಲ್ಯ ಶಿಕ್ಷಣದ ತರಗತಿ ಇದೆ. ನಾನು ಕಥೆ ಹೇಳುತ್ತೇನೆ, ಮಕ್ಕಳು ನೀತಿಯನ್ನು ಬರೆದುಕೊಳ್ಳುತ್ತಾರೆ, ಕೇಳಿದರೆ ಸರಿಯಾಗಿ ಹೇಳುತ್ತಾರೆ. ಆದರೆ ಊಟದ ಬಿಡುವಿನಲ್ಲಿ ಅದೇ ಮಕ್ಕಳು ಚಿಕ್ಕವರನ್ನು ತಳ್ಳಿ ನಲ್ಲಿಯ ಮುಂದೆ ತಾವೇ ನಿಲ್ಲುತ್ತಾರೆ. ಸದ್ಗುಣವನ್ನು ಕಲಿಸಲು ನಿಜವಾಗಿಯೂ ಸಾಧ್ಯವೇ? (ಶಿಕ್ಷಕಿ, ರಾಣೆಬೆನ್ನೂರು ತಾಲ್ಲೂಕು)

ಉತ್ತರ: ತಾವು ಕೇಳಿದ ಪ್ರಶ್ನೆಯನ್ನೇ ಥೆಸ್ಸಲಿಯ ಮೀನೋ ಎಂಬ ಶ್ರೀಮಂತ ತರುಣನು ಸಾಕ್ರೆಟೀಸನಿಗೆ ಕೇಳುತ್ತಾನೆ. ಸಾಕ್ರೆಟೀಸನ ಶಿಷ್ಯನಾದ ಪ್ಲೇಟೋ ಬರೆದ, ಆ ತರುಣನ ಹೆಸರನ್ನೇ ಹೊತ್ತ ಸಂವಾದವು ಆರಂಭವಾಗುವುದೇ ಅಲ್ಲಿಂದ. ಸದ್ಗುಣವು ಕಲಿಸಿದರೆ ಬರುವುದೋ, ಅಭ್ಯಾಸದಿಂದ ಬರುವುದೋ, ಹುಟ್ಟಿನಿಂದ ಬರುವುದೋ, ಇಲ್ಲವೇ ಬೇರೆ ಬಗೆಯಲ್ಲಿ ಬರುವುದೋ ಎಂಬ ಪ್ರಶ್ನೆಗೆ ಸಾಕ್ರೆಟೀಸನು, ಸದ್ಗುಣವೆಂದರೇನು ಎಂಬುದೇ ತನಗೆ ತಿಳಿದಿಲ್ಲವಾದ್ದರಿಂದ ಅದು ಬರುವ ದಾರಿಯನ್ನು ಹೇಗೆ ಹೇಳಲಿ ಎಂದು ಮರುಪ್ರಶ್ನೆ ಹಾಕುತ್ತಾನೆ. ಮೀನೋ ಗಂಡಸಿನ ಸದ್ಗುಣ ಇಂಥದು, ಹೆಂಗಸಿನದು ಇಂಥದು, ಮಕ್ಕಳದು ಇಂಥದು ಎಂದು ಪಟ್ಟಿ ಒಪ್ಪಿಸಿದಾಗ, ನಾನು ಕೇಳಿದ್ದು ಒಂದನ್ನು, ನೀನು ಜೇನ್ನೊಣದ ಹಿಂಡನ್ನೇ ಎಬ್ಬಿಸಿದೆ ಎಂದು ಸಾಕ್ರೆಟೀಸ್ ಹೇಳುತ್ತಾನೆ.

ಆ ಸಂವಾದದ ನಡುವೆ ಬರುವ ಒಂದು ಪ್ರಸಂಗವು ಪಾಠ ಹೇಳುವ ಪ್ರತಿಯೊಬ್ಬರಿಗೂ ಗೊತ್ತಿರಬೇಕಾದದ್ದು. ಸಾಕ್ರೆಟೀಸನು ಮೀನೋನ ಮನೆಯ ಗುಲಾಮ ಹುಡುಗನೊಬ್ಬನನ್ನು ಕರೆದು, ನೆಲದ ಮೇಲೆ ಎರಡು ಅಡಿ ಬಾಹುವಿನ ಚೌಕವನ್ನು ಬರೆದು, ಇದರ ಎರಡರಷ್ಟು ವಿಸ್ತೀರ್ಣದ ಚೌಕ ಬೇಕಾದರೆ ಬಾಹು ಎಷ್ಟಿರಬೇಕು ಎಂದು ಕೇಳುತ್ತಾನೆ. ಹುಡುಗನು ಯಾವ ಅಳುಕೂ ಇಲ್ಲದೆ ನಾಲ್ಕು ಅಡಿ ಎನ್ನುತ್ತಾನೆ. ಎಣಿಸಿ ನೋಡಿದರೆ 8ರ ಬದಲು 16 ಬರುತ್ತದೆ. ಹಾಗಾದರೆ ಮೂರು ಅಡಿ ಎನ್ನುತ್ತಾನೆ, 9 ಬರುತ್ತದೆ. ಆಗ ಅವನು ತನಗೆ ತಿಳಿಯದೆಂದು ಒಪ್ಪಿಕೊಳ್ಳುತ್ತಾನೆ, ಮತ್ತು ಆ ಒಪ್ಪಿಗೆಯ ನಂತರವೇ ಪ್ರಶ್ನೆಗಳ ಮೂಲಕ ಮೊದಲ ಚೌಕದ ಕರ್ಣದ ಮೇಲೆ ಎಬ್ಬಿಸಿದ ಚೌಕವೇ ಬೇಕಾದದ್ದು ಎಂಬ ಉತ್ತರಕ್ಕೆ ಬರುತ್ತಾನೆ. ಹುಡುಗನ ಆತ್ಮದಲ್ಲಿ ಮೊದಲೇ ಇದ್ದ ಜ್ಞಾನವು ನೆನಪಾಗಿ ಮೇಲೆದ್ದಿತು ಎಂಬುದು ಸಾಕ್ರೆಟೀಸನ ವ್ಯಾಖ್ಯಾನ. ಆ ವ್ಯಾಖ್ಯಾನವನ್ನು ಒಪ್ಪುವುದು ಬಿಡುವುದು ಬೇರೆ ಮಾತು; ಹೊರಗಿನಿಂದ ತುಂಬಿದ ವಾಕ್ಯವು ಜ್ಞಾನವಾಗುವುದಿಲ್ಲ ಎಂಬ ಅಂಶವನ್ನು ಮಾತ್ರ ಯಾರೂ ಅಲ್ಲಗಳೆಯಲಾರರು.

ಆದರೆ ರೇಖಾಗಣಿತ ಬಂದಂತೆ ಸದ್ಗುಣವೂ ಬರುತ್ತದೆಯೇ? ಸದ್ಗುಣವು ಕಲಿಸಬಹುದಾದ ವಿದ್ಯೆಯಾಗಿದ್ದರೆ ಅಥೆನ್ಸಿನ ಮಹನೀಯರು ಅದನ್ನು ಮೊದಲು ತಮ್ಮ ಮಕ್ಕಳಿಗೆ ಕಲಿಸುತ್ತಿದ್ದರಲ್ಲವೇ ಎಂದು ಸಾಕ್ರೆಟೀಸ್ ಕೇಳುತ್ತಾನೆ. ಪರ್ಷಿಯನ್ನರ ನೌಕಾಪಡೆಯನ್ನು ಸೋಲಿಸಿದ ಥೆಮಿಸ್ಟೋಕ್ಲೀಸನ ಮಗ ಕುದುರೆಯ ಬೆನ್ನಿನ ಮೇಲೆ ನೆಟ್ಟಗೆ ನಿಂತು ಈಟಿ ಎಸೆಯುವಷ್ಟು ನಿಪುಣನಾಗಿದ್ದನು, ಆದರೆ ತಂದೆಯ ಗುಣ ಅವನಲ್ಲಿತ್ತೆಂದು ಯಾರೂ ಹೇಳಲಿಲ್ಲ; ಪೆರಿಕ್ಲೀಸನ ಮಕ್ಕಳದೂ ಅದೇ ಕಥೆ. ಸಂವಾದವು ಖಚಿತವಾದ ತೀರ್ಮಾನಕ್ಕೆ ಬರದೆಯೇ ಮುಗಿಯುತ್ತದೆ.

ತಮಗೆ ಹೆಚ್ಚು ಉಪಯೋಗಕ್ಕೆ ಬರುವ ಉತ್ತರವಿರುವುದು ಪ್ಲೇಟೋನ ಶಿಷ್ಯನಾದ ಅರಿಸ್ಟಾಟಲನಲ್ಲಿ (ಕ್ರಿ.ಪೂ. 384–322) ಎಂದು ನನ್ನ ಅಭಿಪ್ರಾಯ. ಬುದ್ಧಿಯ ಸದ್ಗುಣಗಳು ಬಹುಮಟ್ಟಿಗೆ ಬೋಧನೆಯಿಂದ ಬರುತ್ತವೆ, ನಡತೆಯ ಸದ್ಗುಣಗಳು ರೂಢಿಯಿಂದ ಬರುತ್ತವೆ ಎಂದು ಅವನು ನೀತಿಶಾಸ್ತ್ರದ ಗ್ರಂಥದಲ್ಲಿ ಬೇರ್ಪಡಿಸಿ ಹೇಳುತ್ತಾನೆ. ಕಲ್ಲನ್ನು ಹತ್ತು ಸಾವಿರ ಸಲ ಮೇಲಕ್ಕೆ ಎಸೆದರೂ ಅದು ಮೇಲಕ್ಕೆ ಹೋಗುವುದನ್ನು ಕಲಿಯುವುದಿಲ್ಲ. ಮನುಷ್ಯನಾದರೋ ಗುಣವನ್ನು ಪಡೆದುಕೊಳ್ಳುವ ಶಕ್ತಿಯನ್ನು ಹುಟ್ಟಿನಿಂದ ಪಡೆದು ಬಂದು, ಅದನ್ನು ರೂಢಿಯಿಂದ ಪೂರ್ಣಗೊಳಿಸುತ್ತಾನೆ. ಮನೆ ಕಟ್ಟುತ್ತ ಕಟ್ಟುತ್ತ ಗೌಂಡಿಯಾಗುವಂತೆ, ನ್ಯಾಯದ ಕೆಲಸಗಳನ್ನು ಮಾಡುತ್ತ ಮಾಡುತ್ತ ನ್ಯಾಯವಂತನಾಗುತ್ತಾನೆ. ಬರೀ ತತ್ತ್ವವನ್ನು ಕೇಳಿ ಒಳ್ಳೆಯವರಾಗುತ್ತೇವೆಂದು ನಂಬಿದವರನ್ನು ಅವನು ವೈದ್ಯರ ಮಾತನ್ನು ಗಮನವಿಟ್ಟು ಕೇಳಿ, ಹೇಳಿದ ಪಥ್ಯದಲ್ಲಿ ಒಂದನ್ನೂ ಪಾಲಿಸದ ರೋಗಿಗಳಿಗೆ ಹೋಲಿಸುತ್ತಾನೆ. ನೀತಿಯನ್ನು ಬರೆದುಕೊಂಡು ನಲ್ಲಿಯ ಮುಂದೆ ತಳ್ಳಾಡುವ ಮಕ್ಕಳು ಈ ಸಾಲಿಗೇ ಸೇರುತ್ತಾರೆ.

ಹೀಗಿರುವಾಗ ತಮ್ಮ ಶಾಲೆಯಲ್ಲಿ ನ್ಯಾಯವನ್ನು ಕಲಿಸುವ ನಿಜವಾದ ತರಗತಿ ಆ ನಲ್ಲಿಯ ಮುಂದಿನ ಸಾಲೇ ಆಗಿದೆ. ಸಾಲನ್ನು ನೋಡಿಕೊಳ್ಳುವ, ಬಿಸಿಯೂಟದ ಅನ್ನವನ್ನು ಬಡಿಸುವ ಕೆಲಸವನ್ನು ಸರದಿಯ ಮೇಲೆ ಮಕ್ಕಳಿಗೇ, ಅದರಲ್ಲಿಯೂ ತಳ್ಳುವ ಮಕ್ಕಳಿಗೆ, ಒಪ್ಪಿಸಿ ನೋಡಿರಿ. ಮೊದಲು ಅವರು ತಮ್ಮ ಕಣ್ಣೆದುರು ಮಾತ್ರ ಸರಿಯಾಗಿ ನಡೆದುಕೊಳ್ಳಬಹುದು. ಅರಿಸ್ಟಾಟಲನಿಗೂ ಇದು ಗೊತ್ತಿತ್ತು. ಕೆಲಸವು ತಿಳಿದು ಮಾಡಿದ್ದಾಗಿರಬೇಕು, ಅದಕ್ಕಾಗಿಯೇ ಆರಿಸಿಕೊಂಡು ಮಾಡಿದ್ದಾಗಿರಬೇಕು, ಅಲುಗಾಡದ ಸ್ವಭಾವದಿಂದ ಬಂದದ್ದಾಗಿರಬೇಕು, ಆಗಲೇ ಅದು ಸದ್ಗುಣದ ಕೆಲಸ ಎಂದು ಅವನು ಮೂರು ನಿಬಂಧನೆಗಳನ್ನು ಹಾಕುತ್ತಾನೆ. ರೂಢಿ ಬೇರೂರಿತೋ ಇಲ್ಲವೋ ಎಂಬುದಕ್ಕೆ ಅವನು ಕೊಡುವ ಗುರುತು ಬಹಳ ಸೂಕ್ಷ್ಮವಾದದ್ದು: ಆ ಕೆಲಸವನ್ನು ಮಾಡುವಾಗ ಮಗುವಿಗೆ ಸಂತೋಷವಾಗುತ್ತದೆಯೋ, ಸಂಕಟವಾಗುತ್ತದೆಯೋ ನೋಡಬೇಕು.

ಪ್ರಶ್ನೆ: ಅತಿಯೂ ಅಲ್ಲದ, ಕೊರತೆಯೂ ಅಲ್ಲದ ಮಧ್ಯಮ ಸ್ಥಿತಿಯೇ ಸದ್ಗುಣ ಎಂದು ಅರಿಸ್ಟಾಟಲ್ ಹೇಳಿದನೆಂದು ಲೇಖನದಲ್ಲಿತ್ತು. ಹಾಗಾದರೆ ಹಿತಮಿತವಾಗಿ ಲಂಚ ತೆಗೆದುಕೊಳ್ಳುವವನು ಸದ್ಗುಣಿಯೇ? (ಕಾಲೇಜು ವಿದ್ಯಾರ್ಥಿ, ಹಾವೇರಿ)

ಉತ್ತರ: ಈ ಆಕ್ಷೇಪಣೆಗೆ ಅರಿಸ್ಟಾಟಲನೇ ಉತ್ತರ ಕೊಟ್ಟಿದ್ದಾನೆ. ಕಳ್ಳತನ, ವ್ಯಭಿಚಾರ, ಕೊಲೆ ಮುಂತಾದವುಗಳ ಹೆಸರಿನಲ್ಲಿಯೇ ಕೆಡುಕು ಸೇರಿದೆ. ಅವುಗಳಲ್ಲಿ ಅತಿ, ಕೊರತೆ, ಮಧ್ಯಮ ಎಂಬ ಅಳತೆಗೆ ಅವಕಾಶವೇ ಇಲ್ಲ, ಮಾಡಿದರೆ ತಪ್ಪೇ ಸರಿ. ಲಂಚವನ್ನು ಈ ಸಾಲಿಗೆ ಸೇರಿಸುವುದಕ್ಕೆ ಅವನ ಅಪ್ಪಣೆಯೇನೂ ಬೇಕಾಗಿಲ್ಲ.

ಮಧ್ಯಮವೆಂದರೆ ಎರಡು ತುದಿಗಳ ನಡುವಣ ಲೆಕ್ಕದ ಸರಾಸರಿ ಎಂದು ತಿಳಿದರೆ ಇಂಥ ಗೊಂದಲ ಹುಟ್ಟುತ್ತದೆ. ಹತ್ತು ಮಿನಾ ತೂಕದ ಆಹಾರ ಹೆಚ್ಚು, ಎರಡು ಮಿನಾ ಕಡಿಮೆ ಎಂದ ಮಾತ್ರಕ್ಕೆ ವಸ್ತಾದನು ಗರಡಿಯ ಎಲ್ಲರಿಗೂ ಆರು ಮಿನಾ ಗೊತ್ತುಮಾಡುವುದಿಲ್ಲ; ಹೆಸರಾಂತ ಪೈಲ್ವಾನನಾದ ಕ್ರೋಟನ್ನಿನ ಮೈಲೋನಿಗೆ ಅದು ಕಡಿಮೆ, ಹೊಸದಾಗಿ ಗರಡಿಗೆ ಬಂದವನಿಗೆ ಹೆಚ್ಚು ಎಂದು ಅವನು ಉದಾಹರಿಸುತ್ತಾನೆ. ಕುಸ್ತಿಯ ಕಣಗಳನ್ನು ಕಂಡ ನಮ್ಮ ಭಾಗದವರಿಗೆ ಇದು ಬೇಗ ಅರ್ಥವಾಗುತ್ತದೆ. ಸಿಟ್ಟಿಗೇಳುವುದು ಯಾರಿಂದಲೂ ಆಗುತ್ತದೆ, ಆದರೆ ತಕ್ಕವರ ಮೇಲೆ, ತಕ್ಕಷ್ಟು, ತಕ್ಕ ಹೊತ್ತಿನಲ್ಲಿ, ತಕ್ಕ ಕಾರಣಕ್ಕೆ ಸಿಟ್ಟಿಗೇಳುವುದು ಎಲ್ಲರಿಂದಲೂ ಆಗುವುದಿಲ್ಲ. ಅನ್ಯಾಯವನ್ನು ಕಂಡೂ ಸಿಟ್ಟು ಬಾರದವನನ್ನು ಅವನು ಮೆಚ್ಚುವುದಿಲ್ಲ ಎಂಬುದನ್ನು ಗಮನಿಸಬೇಕು.

ಪ್ರಶ್ನೆ: ನಮ್ಮದು ಕೈಮಗ್ಗದ ಮನೆತನ. ಹಳೆಯ ಬಟ್ಟೆಯನ್ನು ಬಿಟ್ಟು ಹೊಸ ಬಟ್ಟೆಯನ್ನು ಉಡುವಂತೆ ಆತ್ಮವು ಹಳೆಯ ದೇಹವನ್ನು ಬಿಟ್ಟು ಹೊಸದನ್ನು ಸೇರುತ್ತದೆ ಎಂಬ ಗೀತೆಯ ಮಾತನ್ನು ನಮ್ಮ ಅಜ್ಜ ಮಗ್ಗದ ಮುಂದೆ ಕುಳಿತು ಹೇಳುತ್ತಿದ್ದರು. ಗ್ರೀಕರೂ ಆತ್ಮವನ್ನು ಹೀಗೆಯೇ ಕಂಡಿದ್ದರೇ? ಪ್ಲೇಟೋ ಹೇಳಿದ ರಥವೂ ಉಪನಿಷತ್ತಿನ ರಥವೂ ಒಂದೆಯೇ? (ಸ್ನಾತಕೋತ್ತರ ವಿದ್ಯಾರ್ಥಿನಿ, ಬೆಟಗೇರಿ)

ಉತ್ತರ: ತಮ್ಮ ಅಜ್ಜನವರು ಹೇಳುತ್ತಿದ್ದ ಮಾತಿಗೆ ತೀರ ಹತ್ತಿರದ ಉಪಮೆಯೊಂದು ಪ್ಲೇಟೋನ ಫೀಡೋ ಎಂಬ ಸಂವಾದದಲ್ಲಿದೆ, ಆದರೆ ಅಲ್ಲಿ ಅದು ಬರುವುದು ಆಕ್ಷೇಪಣೆಯ ರೂಪದಲ್ಲಿ. ಕ್ರಿ.ಪೂ. 399ರಲ್ಲಿ ವಿಷ ಕುಡಿಯಬೇಕಾದ ದಿನ ಸಾಕ್ರೆಟೀಸನು ಸೆರೆಮನೆಯಲ್ಲಿ ಗೆಳೆಯರೊಡನೆ ಆತ್ಮದ ಅಮರತ್ವವನ್ನು ಕುರಿತು ಮಾತನಾಡುತ್ತಿದ್ದಾನೆ. ಆತ್ಮವು ದೇಹಕ್ಕಿಂತ ಬಾಳಿಕೆಯುಳ್ಳದ್ದು ಎಂದು ಅವನು ವಾದಿಸಿದಾಗ ಥೀಬ್ಸ್ ನಗರದ ಸೀಬಿಸ್ ಎಂಬವನು ಹೀಗೆ ಹೇಳುತ್ತಾನೆ: ಮುದಿ ನೇಕಾರನೊಬ್ಬನು ಸತ್ತಿದ್ದಾನೆ. ಅವನು ತನ್ನ ಕೈಯಾರೆ ನೇಯ್ದು ಹೊದ್ದುಕೊಂಡಿದ್ದ ಹೊದಿಕೆ ಇನ್ನೂ ಚೆನ್ನಾಗಿಯೇ ಇದೆ. ಮನುಷ್ಯನು ಬಟ್ಟೆಗಿಂತ ಹೆಚ್ಚು ಕಾಲ ಬಾಳುವವನಾದ್ದರಿಂದ, ಬಟ್ಟೆ ಉಳಿದಿದೆ ಎಂದ ಮೇಲೆ ನೇಕಾರನೂ ಎಲ್ಲೋ ಉಳಿದಿರಲೇಬೇಕು ಎಂದು ಯಾರಾದರೂ ವಾದಿಸಿದರೆ ಒಪ್ಪಬಹುದೇ? ಆ ನೇಕಾರನು ಜೀವಮಾನದಲ್ಲಿ ಎಷ್ಟೋ ಹೊದಿಕೆಗಳನ್ನು ನೇಯ್ದು, ಹೊದ್ದು, ಹರಿದು ಮುಗಿಸಿದ್ದು ನಿಜ. ಆದರೂ ಕೊನೆಯ ಹೊದಿಕೆಗಿಂತ ಮೊದಲೇ ತೀರಿಕೊಂಡನು. ಹಾಗೆಯೇ ಆತ್ಮವು ಹಲವು ದೇಹಗಳನ್ನು ಸವೆಸಿ, ಕೊನೆಗೊಂದು ದೇಹದೊಡನೆ ತಾನೂ ಸವೆದು ಹೋಗಬಾರದೇಕೆ?

ಈ ಮಾತು ಕೇಳಿ ಸಾಕ್ರೆಟೀಸನು ಬಹಳ ಹೊತ್ತು ಮೌನವಾಗಿದ್ದನೆಂದು ಪ್ಲೇಟೋ ಬರೆಯುತ್ತಾನೆ. ಬಳಿಕ ಅವನು ಕೊಡುವ ಉತ್ತರದ ಸಾರ ಇಷ್ಟು: ಬೆಂಕಿಯು ತಣ್ಣಗೆಂಬ ಗುಣವನ್ನು ಒಳಗೆ ಬಿಟ್ಟುಕೊಳ್ಳಲಾರದು, ಮೂರೆಂಬ ಸಂಖ್ಯೆಯು ಸಮಸಂಖ್ಯೆಯಾಗಲಾರದು, ಹಾಗೆಯೇ ತಾನು ಹೊಕ್ಕದ್ದಕ್ಕೆಲ್ಲ ಜೀವವನ್ನು ತರುವ ಆತ್ಮವು ಮರಣವನ್ನು ಒಳಗೆ ಬಿಟ್ಟುಕೊಳ್ಳಲಾರದು. ಆತ್ಮವು ಇರುವಷ್ಟು ಕಾಲ ಸತ್ತ ಸ್ಥಿತಿಯಲ್ಲಿ ಇರಲಾರದು ಎಂಬುದನ್ನು ಈ ವಾದ ತೋರಿಸುತ್ತದೆಯೇ ಹೊರತು, ಅದು ಇಲ್ಲದೇ ಹೋಗಲಾರದು ಎಂಬುದನ್ನು ಪೂರ್ತಿಯಾಗಿ ತೋರಿಸುವುದಿಲ್ಲ ಎಂದು ನನಗನಿಸುತ್ತದೆ. ಅಲ್ಲಿದ್ದ ಸಿಮಿಯಾಸನೂ ತನ್ನ ಸಂದೇಹ ಸಂಪೂರ್ಣ ಹೋಗಿಲ್ಲವೆಂದು ಹೇಳುತ್ತಾನೆ, ಮತ್ತು ಸಾವಿನ ದಿನವೂ ಸಾಕ್ರೆಟೀಸನು ಅವನನ್ನು ಗದರಿಸದೆ, ಮೊದಲ ಹೆಜ್ಜೆಗಳನ್ನು ಮತ್ತೆ ಪರೀಕ್ಷಿಸಿರಿ ಎನ್ನುತ್ತಾನೆ. ಆ ಸಂವಾದದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಮಾತೇ.

ರಥದ ವಿಷಯಕ್ಕೆ ಬಂದರೆ, ಸಾಮ್ಯ ಮೇಲ್ನೋಟಕ್ಕೆ ಬಹಳವಿದೆ, ಒಳಗೆ ಭೇದವಿದೆ. ಕಠೋಪನಿಷತ್ತಿನಲ್ಲಿ ದೇಹವೇ ರಥ, ಇಂದ್ರಿಯಗಳು ಕುದುರೆಗಳು, ಮನಸ್ಸು ಲಗಾಮು, ಬುದ್ಧಿ ಸಾರಥಿ. ಇವೆಲ್ಲವುಗಳಿಂದ ಬೇರೆಯಾಗಿ ರಥದ ಒಡೆಯನಾಗಿ ಕುಳಿತವನು ಆತ್ಮ. ಪ್ಲೇಟೋನ ಫೀಡ್ರಸ್ ಸಂವಾದದಲ್ಲಿ ಹಾಗೆ ಒಡೆಯನೆಂಬ ಇನ್ನೊಬ್ಬನಿಲ್ಲ. ಸಾರಥಿ ಮತ್ತು ಎರಡು ಕುದುರೆಗಳು ಸೇರಿ ಆತ್ಮ. ಒಂದು ಕುದುರೆ ಮಾನಕ್ಕೆ ಅಂಜುವಂಥದು, ಮಾತಿನಿಂದಲೇ ನಡೆಯುತ್ತದೆ. ಇನ್ನೊಂದು ಚಾಟಿಗೂ ಸುಲಭವಾಗಿ ಬಗ್ಗದು. ಆದ್ದರಿಂದ ಅವನಲ್ಲಿ ಆತ್ಮವೆಂಬುದು ತನ್ನೊಳಗೇ ಜಗಳವುಳ್ಳದ್ದು. ರಿಪಬ್ಲಿಕ್ ಗ್ರಂಥದ ನಾಲ್ಕನೆಯ ಭಾಗದಲ್ಲಿ ಅವನು ಹೇಳುವ ಲಿಯೋಂಟಿಯಸ್‌ನ ಪ್ರಸಂಗ ಇದನ್ನೇ ತೋರಿಸುತ್ತದೆ. ಬಂದರಿನಿಂದ ಊರಿಗೆ ಬರುವ ದಾರಿಯಲ್ಲಿ, ಗೋಡೆಯ ಹೊರಗೆ, ಮರಣದಂಡನೆಯಾದವರ ಹೆಣಗಳು ಬಿದ್ದಿರುವುದನ್ನು ಕಂಡ ಅವನಿಗೆ ನೋಡಬೇಕೆಂಬ ಆಸೆಯೂ ಅಸಹ್ಯವೂ ಒಟ್ಟಿಗೇ ಹುಟ್ಟಿದವು. ಸ್ವಲ್ಪ ಹೊತ್ತು ಮುಖ ಮುಚ್ಚಿಕೊಂಡು ಹೋರಾಡಿ, ಕೊನೆಗೆ ಸೋತು, ಹೆಣಗಳ ಕಡೆಗೆ ಓಡಿ, ಕಣ್ಣುಗಳನ್ನು ಅಗಲವಾಗಿ ತೆರೆದು, ನೋಡಿಕೊಳ್ಳಿರಿ ದರಿದ್ರಗಳೇ ಎಂದು ತನ್ನ ಕಣ್ಣುಗಳನ್ನೇ ಬೈದನಂತೆ. ಆಸೆಯ ಮೇಲೆ ಸಿಟ್ಟಾಗುವ ಈ ಅಂಶವು ಆಸೆಯಿಂದಲೂ ಬೇರೆ, ವಿವೇಕದಿಂದಲೂ ಬೇರೆ ಎಂದು ಪ್ಲೇಟೋ ನಿರ್ಣಯಿಸಿದನು. ಹೀಗೆ ವಿವೇಕ, ಕೆಚ್ಚು, ಆಸೆ ಎಂಬ ಮೂರು ಅಂಶಗಳು; ಊರಿನಲ್ಲಿಯೂ ಇವಕ್ಕೆ ಸರಿಯಾಗಿ ಆಳುವವರು, ಕಾಯುವವರು, ದುಡಿದು ಉತ್ಪಾದಿಸುವವರು ಎಂಬ ಮೂರು ವರ್ಗಗಳು. ಪ್ರತಿಯೊಂದೂ ತನ್ನ ಕೆಲಸವನ್ನು ಮಾಡಿಕೊಂಡು ಇನ್ನೊಂದರ ಕೆಲಸದಲ್ಲಿ ಕೈಹಾಕದಿರುವುದೇ ಎರಡು ಕಡೆಯೂ ನ್ಯಾಯ.

ಎಲ್ಲ ಗ್ರೀಕರೂ ಇದನ್ನು ಒಪ್ಪಿದರೆಂದು ತಿಳಿಯಬಾರದು. ಅರಿಸ್ಟಾಟಲನ ಪ್ರಕಾರ ಕಣ್ಣು ಒಂದು ಪ್ರಾಣಿಯಾಗಿದ್ದರೆ ನೋಟವೇ ಅದರ ಆತ್ಮವಾಗಿರುತ್ತಿತ್ತು. ಆತ್ಮ ಮತ್ತು ದೇಹ ಒಂದೋ ಎರಡೋ ಎಂದು ಕೇಳುವುದು ಮೇಣ ಮತ್ತು ಮೇಣದ ಮೇಲಿನ ಮುದ್ರೆ ಒಂದೋ ಎರಡೋ ಎಂದು ಕೇಳಿದಂತೆ. ಈ ದೃಷ್ಟಿಯಲ್ಲಿ ಗಿಡಕ್ಕೂ ಆತ್ಮವಿದೆ, ಏಕೆಂದರೆ ಅದು ಬೆಳೆಯುತ್ತದೆ. ಬಟ್ಟೆ ಬದಲಿಸುವ ಮಾತಿಗೆ ಇಲ್ಲಿ ಜಾಗವಿಲ್ಲ, ಬುದ್ಧಿಯ ಒಂದು ಅಂಶಕ್ಕೆ ಮಾತ್ರ ಅವನು ವಿನಾಯಿತಿ ಕೊಡುತ್ತಾನೆ. ಎಪಿಕ್ಯೂರಸನು ಇನ್ನೂ ಮುಂದೆ ಹೋಗಿ, ಆತ್ಮವೂ ಸೂಕ್ಷ್ಮ ಕಣಗಳ ರಾಶಿಯೇ, ಸಾವಿನೊಡನೆ ಚದುರಿಹೋಗುತ್ತದೆ, ಆದ್ದರಿಂದ ಸಾವಿಗೆ ಅಂಜಬೇಕಾಗಿಲ್ಲ ಎಂದನು.

ಪ್ರಶ್ನೆ: ಹೆಣ್ಣುಮಕ್ಕಳಿಗೂ ಗುಲಾಮರಿಗೂ ಮತವೇ ಇಲ್ಲದ ಊರಿನವರಿಂದ ನಾವು ನ್ಯಾಯವನ್ನು ಕಲಿಯಬೇಕೇ? (ಗೃಹಿಣಿ, ಧಾರವಾಡ)

ಉತ್ತರ: ತಮ್ಮ ಪ್ರಶ್ನೆಯಲ್ಲಿರುವ ನೋವು ಸಹಜವಾದದ್ದು. ಅಥೆನ್ಸಿನ ಸಭೆಯಲ್ಲಿ ಹೆಂಗಸರಿಗೂ, ಗುಲಾಮರಿಗೂ, ತಲೆಮಾರುಗಳಿಂದ ಅಲ್ಲಿಯೇ ನೆಲೆಸಿದ್ದ ಹೊರಗಿನವರಿಗೂ ಸ್ಥಾನವಿರಲಿಲ್ಲ. ಕೆಲವರು ಹುಟ್ಟಿನಿಂದಲೇ ಗುಲಾಮರಾಗಲು ತಕ್ಕವರು ಎಂದೂ, ಹೆಣ್ಣಿನ ವಿವೇಚನೆಗೆ ಅಧಿಕಾರವಿಲ್ಲವೆಂದೂ ಅರಿಸ್ಟಾಟಲ್ ಬರೆದದ್ದು ತಪ್ಪು; ಅವನ ಕಾಲದ ರೂಢಿ ಹಾಗಿತ್ತು ಎಂದು ಹೇಳಿ ಅದನ್ನು ಮನ್ನಿಸಲಾಗದು, ಏಕೆಂದರೆ ಗುಲಾಮಗಿರಿ ಪ್ರಕೃತಿಗೆ ವಿರುದ್ಧವೆಂದು ವಾದಿಸುವವರು ಆಗಲೇ ಇದ್ದರೆಂಬುದನ್ನು ಅವನೇ ದಾಖಲಿಸಿದ್ದಾನೆ. ಅವನ ಗುರುವಾದ ಪ್ಲೇಟೋ ರಿಪಬ್ಲಿಕ್ಕಿನ ಐದನೆಯ ಭಾಗದಲ್ಲಿ, ಕಾವಲಿನ ನಾಯಿಗಳಲ್ಲಿ ಹೆಣ್ಣು ಗಂಡೆಂದು ಕೆಲಸವನ್ನು ಬೇರೆ ಮಾಡುತ್ತೇವೆಯೇ ಎಂದು ಕೇಳಿ, ಯೋಗ್ಯತೆಯುಳ್ಳ ಹೆಣ್ಣುಮಕ್ಕಳಿಗೆ ಗಂಡಸರಿಗೆ ಕೊಡುವ ಶಿಕ್ಷಣವನ್ನೇ ಕೊಟ್ಟು ಆಳುವ ಕೆಲಸವನ್ನೂ ಒಪ್ಪಿಸಬೇಕೆಂದು ಹೇಳಿದ್ದನು. ಮುಂದೆ ರೋಮ್ ಸಾಮ್ರಾಜ್ಯದ ಕಾಲದಲ್ಲಿ ಗುಲಾಮನಾಗಿ ಹುಟ್ಟಿದ ಎಪಿಕ್ಟೀಟಸನೇ, ಮನಸ್ಸನ್ನು ವಿವೇಕದ ಹಿಡಿತದಲ್ಲಿಡಬೇಕೆಂದು ಕಲಿಸಿದ ಸ್ಟೋಯಿಕ್ ಪಂಥದ ಆಚಾರ್ಯನಾದನು, ಚಕ್ರವರ್ತಿ ಮಾರ್ಕಸ್ ಔರೇಲಿಯಸ್ ಅವನ ಮಾತುಗಳನ್ನು ಓದಿ ಕಲಿತನು. ಕಲಿಯಬೇಕಾದದ್ದು ಅವರ ವಾದವನ್ನು. ಅದೇ ವಾದದಿಂದ ಅವರ ತಪ್ಪನ್ನೂ ಹಿಡಿಯಬಹುದು.

ಪ್ರಶ್ನೆ: ಸಾಕ್ರೆಟೀಸನನ್ನು ಕೊಂದದ್ದು ಬಹುಮತ. ಪ್ಲೇಟೋ ಪ್ರಜಾಪ್ರಭುತ್ವವನ್ನು ತಿರಸ್ಕರಿಸಿ ತತ್ತ್ವಜ್ಞಾನಿಯ ಕೈಗೆ ಅಧಿಕಾರ ಕೊಡಬೇಕೆಂದನು. ಇದು ಸರ್ವಾಧಿಕಾರಕ್ಕೆ ದಾರಿಯಲ್ಲವೇ? (ವಕೀಲರು, ಹುಬ್ಬಳ್ಳಿ)

ಉತ್ತರ: ತಾವು ವಕೀಲರಾದ್ದರಿಂದ ಮೊದಲು ಮೊಕದ್ದಮೆಯ ಸಂಗತಿಗಳನ್ನು ನೋಡೋಣ. ಚೀಟಿ ಎತ್ತಿ ಆರಿಸಿದ ಸುಮಾರು 500 ಜನ ನಾಗರಿಕರು ನ್ಯಾಯದಾನಕ್ಕೆ ಕುಳಿತಿದ್ದರು. ಊರಿನ ದೇವರುಗಳನ್ನು ಮನ್ನಿಸುವುದಿಲ್ಲ, ಹೊಸ ದೈವಗಳನ್ನು ತರುತ್ತಾನೆ, ತರುಣರನ್ನು ಕೆಡಿಸುತ್ತಾನೆ ಎಂಬವು ಆರೋಪಗಳು. ಕೇವಲ 30 ಮತಗಳು ಆಚೆಗೆ ಬಿದ್ದಿದ್ದರೆ ತಾನು ಬಿಡುಗಡೆಯಾಗುತ್ತಿದ್ದೆ ಎಂದು ಸಾಕ್ರೆಟೀಸನೇ ಹೇಳಿದ್ದಾಗಿ ಪ್ಲೇಟೋ ಬರೆದಿದ್ದಾನೆ.

ಸಾಕ್ರೆಟೀಸನು ಪ್ರಜಾಪ್ರಭುತ್ವದ ವೈರಿಯಾಗಿದ್ದನೆಂಬುದು ಮಾತ್ರ ಪೂರ್ಣ ಸತ್ಯವಲ್ಲ. ಕ್ರಿ.ಪೂ. 406ರಲ್ಲಿ ಅರ್ಗಿನೂಸೆಯ ನೌಕಾಯುದ್ಧದಲ್ಲಿ ಗೆದ್ದು ಬಂದ ಸೇನಾಪತಿಗಳು ಬಿರುಗಾಳಿಯಲ್ಲಿ ನೀರಿಗೆ ಬಿದ್ದ ತಮ್ಮವರನ್ನು ಎತ್ತಿಕೊಳ್ಳಲಿಲ್ಲವೆಂದು ಜನ ರೊಚ್ಚಿಗೆದ್ದು, ಅವರೆಲ್ಲರನ್ನೂ ಒಂದೇ ಮತದಿಂದ ಒಟ್ಟಿಗೆ ದಂಡಿಸಬೇಕೆಂದು ಹಟ ಹಿಡಿದರು. ಒಬ್ಬೊಬ್ಬರ ವಿಚಾರಣೆಯನ್ನು ಬೇರೆ ಬೇರೆಯಾಗಿ ನಡೆಸದೆ ಹೀಗೆ ಮಾಡುವುದು ಕಾನೂನಿಗೆ ವಿರುದ್ಧವಾಗಿತ್ತು. ಸಭೆಯನ್ನು ನಡೆಸುವ ಸಮಿತಿಯಲ್ಲಿ ಆ ದಿನ ಕುಳಿತಿದ್ದ ಸಾಕ್ರೆಟೀಸನು ಜನರ ಕೂಗಾಟದ ನಡುವೆಯೂ ಆ ಠರಾವಿಗೆ ಒಪ್ಪಲಿಲ್ಲ. ಎರಡು ವರ್ಷಗಳ ನಂತರ ಪ್ರಜಾಪ್ರಭುತ್ವವನ್ನು ಕೆಡವಿ ಅಧಿಕಾರಕ್ಕೆ ಬಂದ ಮೂವತ್ತು ಜನ ಕ್ರೂರಿಗಳು, ಸಲಾಮಿಸ್ ದ್ವೀಪದ ಲಿಯೋನ್ ಎಂಬವನನ್ನು ಕೊಲ್ಲುವುದಕ್ಕಾಗಿ ಹಿಡಿದು ತರಲು ಆಜ್ಞಾಪಿಸಿದಾಗ, ಅವನು ಅದನ್ನೂ ಪಾಲಿಸದೆ ಸುಮ್ಮನೆ ಮನೆಗೆ ನಡೆದನು. ಬಹುಮತವಾಗಲಿ, ಕೆಲವರ ಆಳ್ವಿಕೆಯಾಗಲಿ, ಅನ್ಯಾಯದ ಆಜ್ಞೆಗೆ ಕೈಜೋಡಿಸದವನು ಅವನು. ಆ ಮೂವತ್ತು ಜನರಲ್ಲಿ ಪ್ಲೇಟೋನ ತಾಯಿಯ ಕಡೆಯ ಬಂಧುವಾದ ಕ್ರಿಟಿಯಾಸನೂ ಇದ್ದನೆಂಬುದನ್ನು ನೆನೆದರೆ, ಪ್ಲೇಟೋ ಎರಡೂ ಬಗೆಯ ಆಡಳಿತಗಳ ಬಗ್ಗೆ ಏಕೆ ಬೇಸತ್ತನೆಂಬುದು ತಿಳಿಯುತ್ತದೆ.

ತತ್ತ್ವಜ್ಞಾನಿಯು ಆಳಬೇಕೆಂಬ ಅವನ ಮಾತಿಗೆ ಕಠಿಣವಾದ ಕರಾರುಗಳಿವೆ. ಆಳುವವರಿಗೆ ಸ್ವಂತ ಹೊಲ, ಮನೆ, ಬೆಳ್ಳಿ, ಬಂಗಾರ ಯಾವುದೂ ಇರಕೂಡದು. ಶಿಬಿರದ ಸಿಪಾಯಿಗಳಂತೆ ಒಟ್ಟಿಗೆ ಉಂಡು ಒಟ್ಟಿಗೆ ಬಾಳಬೇಕು. ಸರ್ವಾಧಿಕಾರಿಯ ಬಗ್ಗೆ ಅವನಷ್ಟು ಕಟುವಾಗಿ ಬರೆದವರು ಕಡಿಮೆ: ಜನರ ರಕ್ಷಕನೆಂದು ಬಂದವನು ಮೊದಲು ಅಂಗರಕ್ಷಕರನ್ನು ಕೇಳುತ್ತಾನೆ, ಬಳಿಕ ಜನರಿಗೆ ನಾಯಕನ ಅವಶ್ಯಕತೆ ತಪ್ಪದಿರಲೆಂದು ಯಾವುದಾದರೂ ಒಂದು ಯುದ್ಧವನ್ನು ಎಬ್ಬಿಸುತ್ತಲೇ ಇರುತ್ತಾನೆ. ಆದರೂ ತಮ್ಮ ಸಂಶಯಕ್ಕೆ ಆಧಾರವಿದೆ. ಪ್ರಜಾಪ್ರಭುತ್ವದ ರೋಗವನ್ನು ಪ್ಲೇಟೋ ಸರಿಯಾಗಿ ಗುರುತಿಸಿದನು, ಕೊಟ್ಟ ಮದ್ದು ಅಪಾಯಕರವಾದದ್ದು ಎಂದೇ ನನ್ನ ನಂಬಿಕೆ, ಮತ್ತು ಇದನ್ನು ಅವನೇ ಅನುಭವಿಸಿದನು. ಸಿಸಿಲಿಯ ಸಿರಾಕ್ಯೂಸ್‌ನಲ್ಲಿ ಎರಡನೆಯ ಡಯೊನೀಸಿಯಸ್ ಎಂಬ ಯುವ ಅರಸನನ್ನು ತತ್ತ್ವಜ್ಞಾನಿಯನ್ನಾಗಿ ಮಾಡುವ ಪ್ರಯತ್ನ ಪೂರ್ತಿಯಾಗಿ ಸೋತಿತು. ಮುಪ್ಪಿನಲ್ಲಿ ಬರೆದ, ಕಾನೂನುಗಳನ್ನು ಕುರಿತ 12 ಭಾಗಗಳ ಗ್ರಂಥದಲ್ಲಿ ಅವನು, ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲದ ಅಧಿಕಾರವನ್ನು ಹೊತ್ತು ಸೊಕ್ಕಿಗೂ ಅನ್ಯಾಯಕ್ಕೂ ತುತ್ತಾಗದಿರುವ ಶಕ್ತಿ ಮನುಷ್ಯ ಸ್ವಭಾವಕ್ಕೆ ಇಲ್ಲವೆಂದು ಒಪ್ಪಿ, ಅಧಿಕಾರಿಗಳು ಕಾನೂನಿನ ಸೇವಕರಾಗಿರಬೇಕೆಂದು ಬರೆಯುತ್ತಾನೆ.

ಪ್ರಶ್ನೆ: ನಮ್ಮ ಕೃಷಿ ಪತ್ತಿನ ಸಹಕಾರಿ ಸಂಘದಲ್ಲಿ ಒಂದೇ ಷೇರು ಇರುವವನಿಗೂ ಒಂದು ಮತ, ಹೆಚ್ಚು ಷೇರು ಹಣ ತೊಡಗಿಸಿದವನಿಗೂ ಒಂದೇ ಮತ. ವಾರ್ಷಿಕ ಸಭೆಯಲ್ಲಿ ಕೆಲವರು ಇದು ಅನ್ಯಾಯವೆಂದು ಗಟ್ಟಿಯಾಗಿ ವಾದಿಸಿದರು, ನಮಗೆ ಉತ್ತರ ತೋಚಲಿಲ್ಲ. ಗ್ರೀಕರಲ್ಲಿ ಇದಕ್ಕೆ ಉತ್ತರವಿದೆಯೇ? (ರೈತರು, ಗದಗ ತಾಲ್ಲೂಕು)

ಉತ್ತರ: 1905ರಲ್ಲಿ ಕಣಗಿನಹಾಳದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದ ತಾಲ್ಲೂಕಿನಿಂದಲೇ ಈ ಪ್ರಶ್ನೆ ಬಂದಿರುವುದು ನನಗೆ ಬಹಳ ಸಂತೋಷವನ್ನು ಕೊಟ್ಟಿದೆ. ಉತ್ತರವಿದೆ, ಮತ್ತು ಉದಾಹರಣೆ ಕೂಡ ಹೆಚ್ಚುಕಡಿಮೆ ತಮ್ಮದೇ ಆಗಿದೆ. ರಾಜ್ಯಶಾಸ್ತ್ರದ ಗ್ರಂಥದ ಮೂರನೆಯ ಭಾಗದಲ್ಲಿ ಅರಿಸ್ಟಾಟಲನು, ನೂರು ಮಿನಾ (ಮಿನಾ ಆಗ ಹಣದ ಅಳತೆಯೂ ಆಗಿತ್ತು) ಬಂಡವಾಳದಲ್ಲಿ ಒಂದು ಮಿನಾ ಹಾಕಿದವನು ಉಳಿದದ್ದನ್ನೆಲ್ಲ ಹಾಕಿದವನಿಗೆ ಸಮನಾದ ಪಾಲನ್ನು ಪಡೆಯುವುದು ನ್ಯಾಯವೇ ಎಂಬ ಶ್ರೀಮಂತರ ವಾದವನ್ನು ಎತ್ತಿಕೊಳ್ಳುತ್ತಾನೆ. ಜನ ಒಟ್ಟುಗೂಡಿದ್ದು ಆಸ್ತಿಗಾಗಿ ಮಾತ್ರವೇ ಆಗಿದ್ದರೆ ಈ ವಾದ ಗಟ್ಟಿಯಾಗಿರುತ್ತಿತ್ತು ಎಂದು ಒಪ್ಪುತ್ತಾನೆ. ಆದರೆ ಊರೆಂಬುದು ವ್ಯಾಪಾರಕ್ಕಾಗಿ ಮಾಡಿಕೊಂಡ ಒಪ್ಪಂದವಲ್ಲ. ಇಟಲಿಯ ಎಟ್ರುಸ್ಕನ್ನರಿಗೂ ಉತ್ತರ ಆಫ್ರಿಕಾದ ಕಾರ್ಥೇಜಿನವರಿಗೂ ನಡುವೆ ವ್ಯಾಪಾರದ ಕರಾರುಗಳಿದ್ದವು, ಅಷ್ಟಕ್ಕೇ ಅವರು ಒಂದೇ ಊರಿನವರಾಗಲಿಲ್ಲ. ಒಟ್ಟಾಗಿ ಚೆನ್ನಾಗಿ ಬಾಳುವುದಕ್ಕಾಗಿ ಊರು ಇದೆ.

ಹಣದಲ್ಲಿ ಹೆಚ್ಚಾದವರು ತಾವು ಎಲ್ಲದರಲ್ಲಿಯೂ ಹೆಚ್ಚೆಂದು ತಿಳಿಯುತ್ತಾರೆ, ಸ್ವತಂತ್ರರಾಗಿ ಹುಟ್ಟಿದ್ದರಲ್ಲಿ ಸಮನಾದವರು ತಾವು ಎಲ್ಲದರಲ್ಲಿಯೂ ಸಮವೆಂದು ತಿಳಿಯುತ್ತಾರೆ. ಇಬ್ಬರೂ ನ್ಯಾಯದ ಒಂದೊಂದು ತುಂಡನ್ನು ಹಿಡಿದಿದ್ದಾರೆ ಎಂಬುದು ಅವನ ತೀರ್ಪು. ಯಾವುದನ್ನು ಹಂಚುತ್ತಿದ್ದೇವೆ ಎಂಬುದರ ಮೇಲೆ ಅಳತೆ ಬದಲಾಗಬೇಕು. ತಮ್ಮ ಸಂಘದ ನಿಯಮವು ಇದನ್ನು ಚೆನ್ನಾಗಿಯೇ ಅರಿತಿದೆ: ಲಾಭಾಂಶವನ್ನು ಷೇರಿನ ಪ್ರಮಾಣದಲ್ಲಿ ಹಂಚುತ್ತಾರೆ, ಮತವನ್ನು ತಲೆಗೊಂದರಂತೆ ಕೊಡುತ್ತಾರೆ. ಹೆಚ್ಚು ಹಣ ಹಾಕಿದವರ ವಾದವು ಲಾಭಾಂಶದ ಮಟ್ಟಿಗೆ ನ್ಯಾಯ, ಅದು ಅವರಿಗೆ ಸಂದಿದೆ. ಬಿತ್ತನೆಯ ಹೊತ್ತಿಗೆ ಸಾಲ ಸಿಗಬೇಕು, ಗೊಬ್ಬರ ಸಿಗಬೇಕು ಎಂಬ ಸಂಘದ ಮೂಲ ಉದ್ದೇಶದಲ್ಲಿ ಎರಡು ಎಕರೆಯವನ ಪಾಲು ಇಪ್ಪತ್ತು ಎಕರೆಯವನ ಪಾಲಿಗಿಂತ ಕಡಿಮೆಯಾದದ್ದಲ್ಲ.

ಕಡಿಮೆ ತಿಳಿದವರ ಕೈಗೆ ಮತ ಹೋಗುತ್ತದೆಂದು ಅವರು ಮುಂದುವರಿಸಿ ವಾದಿಸಿದರೆ ಅದಕ್ಕೂ ಅರಿಸ್ಟಾಟಲ್ ಉತ್ತರ ಕೊಟ್ಟಿದ್ದಾನೆ. ಹಲವರು ಬುತ್ತಿ ತಂದು ಕೂಡಿ ಮಾಡುವ ಊಟವು ಒಬ್ಬನ ಖರ್ಚಿನ ಊಟಕ್ಕಿಂತ ಮಿಗಿಲಾಗುವಂತೆ, ಒಬ್ಬೊಬ್ಬರಾಗಿ ಸಾಧಾರಣರಾದವರೂ ಕೂಡಿ ಕುಳಿತಾಗ ಒಳ್ಳೆಯ ತೀರ್ಪಿಗೆ ಬರಬಲ್ಲರು. ಮನೆ ಹೇಗಿದೆಯೆಂದು ಕಟ್ಟಿದವನಿಗಿಂತ ವಾಸ ಮಾಡುವವನು ಚೆನ್ನಾಗಿ ಹೇಳುತ್ತಾನೆ, ಅಡಿಗೆಯ ರುಚಿಯನ್ನು ಅಡಿಗೆಯವನಿಗಿಂತ ಉಣ್ಣುವವನು ಚೆನ್ನಾಗಿ ಹೇಳುತ್ತಾನೆ. ಆದರೆ ಅವನು ಜನರಿಗೆ ಕೊಡುವ ಹಕ್ಕು ಅಧಿಕಾರಿಗಳನ್ನು ಆರಿಸುವುದು ಮತ್ತು ಅವರಿಂದ ಲೆಕ್ಕ ಕೇಳುವುದು, ಈ ಎರಡೂ ಸೇರಿದ ಹಕ್ಕು. ಸೋಲೋನ್ ಎಂಬ ಶಾಸನಕಾರನು ಅಥೆನ್ಸಿನ ಜನರಿಗೆ ಇವೆರಡನ್ನೇ ಕೊಟ್ಟನೆಂದು ಅವನು ನೆನೆಯುತ್ತಾನೆ. ಅಥೆನ್ಸಿನಲ್ಲಿ ಅಧಿಕಾರದ ಅವಧಿ ಮುಗಿಸಿದ ಪ್ರತಿಯೊಬ್ಬನೂ ಲೆಕ್ಕ ಒಪ್ಪಿಸಬೇಕಾಗಿತ್ತು, ಆಗ ಯಾವ ನಾಗರಿಕನಾದರೂ ಎದ್ದು ನಿಂತು ಅವನ ಮೇಲೆ ದೂರು ಹೇಳಬಹುದಾಗಿತ್ತು. ಮುಂದಿನ ಸಭೆಯಲ್ಲಿ ಈ ವಾದ ಮತ್ತೆ ಎದ್ದರೆ, ಮತದ ಹಕ್ಕನ್ನು ಬಿಟ್ಟುಕೊಡಬೇಡಿರಿ; ಅದರ ಜೊತೆಗೆ ಆಡಿಟ್ ವರದಿಯ ಪ್ರತಿಯನ್ನು ಸಭೆಗೆ ಮೊದಲೇ ಕೇಳಿ ಪಡೆದು, ನಾಲ್ಕು ಜನ ಕುಳಿತು ಓದಿಕೊಂಡು ಹೋಗಿರಿ.